ಸುಣ್ಣಣ್ಣನ ಹೆಬ್ಬೆರಳು

ಬಿಸ್ಕತ್ತಿನಷ್ಟು ಅಗಲದ ಒಂದು ಲಿಥಿಯಂ ಫ್ಲೋರೈಡ್ ಹರಳಿನ ಕಿಟಕಿಗೆ ಸುಣ್ಣಣ್ಣನ ನಾಲ್ಕು ತಿಂಗಳ ಸಂಬಳ. ಕ್ಯಾಲ್ಸಿಯಂ ಲೋಹದ ಒಂದು ಡಬ್ಬಿಗೆ ಒಂದೂವರೆ ತಿಂಗಳ ಸಂಬಳ. ಅದೂ ಹಡಗಿನಲ್ಲಿ ಬರಬೇಕು, ಬರಲು ನಾಲ್ಕು ತಿಂಗಳು ಬೇಕು. ನೇರಳಾತೀತ ಬೆಳಕು ಹಿಡಿಯುವ ಫೋಟೋ ಪ್ಲೇಟಿಗೆ, ಒಂದಕ್ಕೆ, ಮನೆಯ ಎರಡು ದಿನದ ಸಾಮಾನಿನಷ್ಟು ಬೆಲೆ. ಮೊಣಕಾಲು ನೋವಿನ ಮುಲಾಮು, ತಗಡಿನ ಡಬ್ಬಿಯಲ್ಲಿ, ಒಂದು ಲೋಟ ಚಹಾದಷ್ಟು. ಇವುಗಳಲ್ಲಿ ಯಾವುದು ಯಾವುದನ್ನು ನುಂಗಿತು ಅನ್ನುವುದೇ ಈ ಕತೆ. ಹೆದರಿಕೆಯನ್ನು ಪಟ್ಟಿಗೆ ಸೇರಿಸಿಲ್ಲ. ಸುಣ್ಣಣ್ಣನ ಹತ್ತಿರ ಅದು ಬಿಟ್ಟಿಯಾಗಿ ಬೇಕಾದಷ್ಟಿತ್ತು.

ಸುಣ್ಣಣ್ಣ ಅನ್ನುವುದು ಹೆತ್ತವರಿಟ್ಟ ಹೆಸರಲ್ಲ. ಹತ್ತೊಂಬತ್ತು ವರ್ಷದಿಂದ ಅವನು ಪ್ರಯೋಗಶಾಲೆಯ ಮೂರನೇ ಮಹಡಿಯ ಮೂಲೆ ಕೋಣೆಯಲ್ಲಿ ಕ್ಯಾಲ್ಸಿಯಂ ಕಾಯಿಸುತ್ತಿದ್ದ. ಸುಣ್ಣದ ಒಳಗಿರುವ ಲೋಹವೇ ಕ್ಯಾಲ್ಸಿಯಂ ಎಂದು ಯಾರೋ ಹೇಳಿದ ದಿನದಿಂದ ಅವನ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಆ ಕೋಣೆಯ ಕೆಲಸ ಹೇಳಲು ಸುಲಭ. ತೊಡೆ ಗಾತ್ರದ ಉಕ್ಕಿನ ಕೊಳವೆ. ಸುತ್ತ ವಿದ್ಯುತ್ ಕುಲುಮೆ. ಒಳಗೆ ಕ್ಯಾಲ್ಸಿಯಂ ತುಂಡುಗಳನ್ನಿಟ್ಟು ಕಾಯಿಸಿದರೆ ಲೋಹ ಆವಿಯಾಗುತ್ತದೆ. ಒಂದು ತುದಿಯ ಹರಳಿನ ಕಿಟಕಿಯಿಂದ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಒಳಹೊಕ್ಕು, ಆವಿ ದಾಟಿ, ಇನ್ನೊಂದು ತುದಿಯಿಂದ ಹೊರಬಿದ್ದು ಫೋಟೋ ಪ್ಲೇಟಿನ ಮೇಲೆ ಹರಡಿಕೊಳ್ಳುತ್ತದೆ. ಬೆಳಕು ಬಿದ್ದಲ್ಲೆಲ್ಲ ಪ್ಲೇಟು ಕಪ್ಪಾಗುತ್ತದೆ. ದಾರಿಯಲ್ಲಿ ಕ್ಯಾಲ್ಸಿಯಂ ನುಂಗಿದ ಬೆಳಕಿನ ಜಾಗ ಮಾತ್ರ ಬಿಳಿ ಗೆರೆಯಾಗಿ ಉಳಿಯುತ್ತದೆ. ಆ ಗೆರೆಗಳನ್ನು ಓದುವುದು ಕೋಣೆಯ ವಿಜ್ಞಾನಿ ಮೇಡಂ ಕೆಲಸ. ದೀಪ ಹೊತ್ತಿಸುವುದು ದೀಪದಣ್ಣನ ಕೆಲಸ. ಕುಲುಮೆ ಕಾಯಿಸುವುದು, ಕಿಟಕಿ ಕೂರಿಸುವುದು, ಹೆದರುವುದು, ಮೂರೂ ಸುಣ್ಣಣ್ಣನ ಕೆಲಸ.

ಆ ದಿನ ಹೆದರಲು ಕಾರಣವೂ ಇತ್ತು. ಮಧ್ಯಾಹ್ನ ಮೂರಕ್ಕೆ ಮೇಲಿನ ಸಮಿತಿಯ ಅಧ್ಯಕ್ಷರು ಬರುವವರಿದ್ದರು. ಕೋಣೆಯಿಂದ ಹೊಸದೇನಾದರೂ ಹೊರಟಿದ್ದರೆ ಮೂರು ವರ್ಷದ ಹಣಕ್ಕೆ ಸಹಿ. ಇಲ್ಲವಾದರೆ ಅವತ್ತೇ ಸಂಜೆ ಬೀಗ. ಬೀಗ ಬಿದ್ದರೆ ದೀಪದಣ್ಣ ಕೆಳಗಿನ ಎಕ್ಸ್‌ರೇ ಕೋಣೆಗೆ ಹೋಗುತ್ತಾನೆ, ಸುಣ್ಣಣ್ಣ ಗೇಟಿನ ಪಕ್ಕದ ಪಂಪುಮನೆಗೆ. ಪಂಪುಮನೆಯ ನೆಲ ವರ್ಷವಿಡೀ ಒದ್ದೆ. ಸುಣ್ಣಣ್ಣನ ಎಡ ಮೊಣಕಾಲಿಗೆ ಒದ್ದೆ ನೆಲ ಅಂದರೆ ಸಾಕು, ನಡುಕ ಶುರು.

ಬೆಳಿಗ್ಗೆ ಮನೆ ಬಿಡುವಾಗ ಮೊಣಕಾಲಿಗೆ ಮುಲಾಮು ಹಚ್ಚಿ ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿಕೊಂಡ.

"ಕೈ ತೊಳ್ಕೊಂಡು ಹೋಗ್ರೀ," ಅಂದಳು ಹೆಂಡತಿ.

"ಹೊತ್ತಾಯ್ತು ಕಣೇ. ಅಲ್ಲಿ ಹೇಗೂ ಕೈಗವಸು ಹಾಕ್ಕೋತೀನಿ."

ಹಾಕಿಕೊಂಡ ಕೂಡ. ಕ್ಯಾಲ್ಸಿಯಂನ ಕಡೆಯ ಡಬ್ಬಿಯನ್ನು ಒಡೆದು ತುಂಡುಗಳನ್ನು ಕೊಳವೆಯೊಳಗೆ ಜೋಡಿಸಿದ. ದೀಪದ ಕಡೆಯ ಕಿಟಕಿಯನ್ನು ಎರಡು ಬೆರಳಲ್ಲಿ ಹಿಡಿದು ಕೊಳವೆಯ ಬಾಯಿಯ ಉಕ್ಕಿನ ಬಳೆಯೊಳಗೆ ಕೂರಿಸುವಾಗ ರಬ್ಬರು ಕೈಗವಸಿನ ಹೆಬ್ಬೆರಳು ಟಪ್ಪಂತ ಹರಿಯಿತು. ಕಿಟಕಿ ಜಾರಿತು. ನಾಲ್ಕು ತಿಂಗಳ ಸಂಬಳ ನೆಲದ ಕಡೆ ಹೊರಟಿದ್ದನ್ನು ಕಂಡ ಸುಣ್ಣಣ್ಣ ಗಬಕ್ಕನೆ ಹಿಡಿದ. ಹಿಡಿದದ್ದು ಬರಿಯ ಹೆಬ್ಬೆರಳಿನಿಂದ, ಹರಳಿನ ನಟ್ಟನಡುವೆ.

ಅಂಥ ಕಿಟಕಿಯನ್ನು ಬರಿಗೈಯಲ್ಲಿ ಮುಟ್ಟಬಾರದು ಅನ್ನುವುದು ಆ ಕೋಣೆಯ ಮೊದಲ ಪಾಠ. ಬೆರಳಿನ ಜಿಡ್ಡು ಕಣ್ಣಿಗೆ ಕಾಣಲಿ ಬಿಡಲಿ, ನೇರಳಾತೀತ ಬೆಳಕನ್ನು ಗುಟುಕು ಗುಟುಕಾಗಿ ಕುಡಿದುಬಿಡುತ್ತದೆ. ಅದರಲ್ಲೂ ಮುಲಾಮಿನ ಜಿಡ್ಡು! ಕಳಚಿ, ಸ್ಪಿರಿಟ್ಟಿನಲ್ಲಿ ತೊಳೆದು, ಒಣಗಿಸಿ ಮತ್ತೆ ಕೂರಿಸಬೇಕಿತ್ತು. ಅರ್ಧ ಗಂಟೆಯ ಕೆಲಸ. ಆದರೆ ಸ್ಪಿರಿಟ್ಟು ಸ್ಟೋರಿನವನ ಬೀಗದೊಳಗೆ. ಕೇಳಿದರೆ ಯಾಕೆ ಅನ್ನುತ್ತಾನೆ. ಪುಸ್ತಕದಲ್ಲಿ ಕಾರಣ ಬರೆಸುತ್ತಾನೆ. ಬರೆದದ್ದನ್ನು ಸಂಜೆಯೊಳಗೆ ಮೂರು ಮಹಡಿಗೂ ಓದಿ ಹೇಳುತ್ತಾನೆ.

ಅಷ್ಟರಲ್ಲಿ ಹಿಂದಿನಿಂದ ದೀಪದಣ್ಣ, "ಏನ್ ಸುಣ್ಣಣ್ಣ, ಕಿಟಕಿ ಮುಂದೆ ಕೈ ಮುಗಿದು ನಿಂತಿದೀರಾ?" ಅಂದ.

ಸುಣ್ಣಣ್ಣನ ಕೈ ತಾನಾಗಿಯೇ ನಾಲ್ಕು ತಿರುಪನ್ನೂ ಬಿಗಿದುಬಿಟ್ಟಿತು. "ಗ್ಯಾಸ್ ಸಿಲಿಂಡರ್ ತರಬೇಕು," ಎಂದು ಗೊಣಗಿ ಕುಂಟುತ್ತ ಕೆಳಗಿಳಿದ. ಹೆಬ್ಬೆರಳನ್ನು ಜೇಬಿನಲ್ಲಿಟ್ಟುಕೊಂಡೇ ಇಳಿದ.

ಸಿಲಿಂಡರನ್ನು ತಳ್ಳುಗಾಡಿಯಲ್ಲಿ ತರುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಕೋಣೆಯಲ್ಲಿ ಮೇಡಂ ಒಬ್ಬರೇ ಕೊಳವೆಯ ಪಕ್ಕ ನಿಂತಿದ್ದರು. ಕೈಗೆ ಬಿಳಿ ಕೈಗವಸು.

"ತಂದ್ರಾ? ಪಂಪು ಹಾಕಿ. ನಾನು ಎಲ್ಲ ಒಂದ್ಸಲ ನೋಡಿದೀನಿ, ಸರಿಯಾಗಿದೆ." ಆಮೇಲೆ ಅವನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ಮಾತು ಬದಲಿಸಿದರು. "ಮೊಣಕಾಲು ಹೇಗಿದೆ ಈಗ?"

ಸುಣ್ಣಣ್ಣ ಹೆಬ್ಬೆರಳನ್ನು ಮತ್ತೆ ಜೇಬಿಗಿಳಿಸಿದ. ಹತ್ತೊಂಬತ್ತು ವರ್ಷದಲ್ಲಿ ಮೊಣಕಾಲಿನ ಮಾತೆತ್ತದ ಮೇಡಂ ಇವತ್ತೇ ಯಾಕೆ ಕೇಳಿದರು?

"ಯಾವ ಮೊಣಕಾಲು?" ಅಂದ.

*

ಹನ್ನೊಂದಕ್ಕೆ ಕುಲುಮೆ ಕೆಂಪಾಯಿತು. ದೀಪದಣ್ಣ ದೀಪ ಹೊತ್ತಿಸಿದ. ಮೇಡಂ ಪ್ಲೇಟು ಹಿಡಿದು ಕತ್ತಲೆ ಕೋಣೆಗೆ ಹೋದರು. ಸುಣ್ಣಣ್ಣ ಹೊರಗೆ ಕಾದ. ಹೆಂಡತಿಯ ಹೆರಿಗೆಯಲ್ಲೂ ಅವನು ಬಾಗಿಲ ಹೊರಗೆ ಹಾಗೆ ನಿಂತಿರಲಿಲ್ಲ.

ಬಾಗಿಲು ತೆರೆಯಿತು. ಮೇಡಂ ಕಣ್ಣಲ್ಲಿ ನೀರಿತ್ತು. ಒದ್ದೆ ಪ್ಲೇಟನ್ನು ಬೆಳಕಿಗೆ ಹಿಡಿದಿದ್ದರು. ಕಪ್ಪು ನೆಲದ ಮೇಲೆ ಹಳೆಯ ಪರಿಚಯದ ಬಿಳಿ ಗೆರೆಗಳು, ಅವುಗಳ ನಡುವೆ ಒಂದು ಹೊಸದು. ಅಗಲವಾದದ್ದು, ಮಸುಕಾದದ್ದು, ಒಂದು ಅಂಚು ಕತ್ತರಿಸಿದಂತೆ, ಇನ್ನೊಂದು ಅಂಚು ಕರಗಿ ಹೋದಂತೆ.

"ಬಂತು," ಅಂದರು ಮೇಡಂ. "ನಾಲ್ಕು ವರ್ಷದಿಂದ ಕಾಗದದ ಮೇಲೆ ಲೆಕ್ಕ ಹಾಕ್ತಿದ್ದೆ. ಎಲ್ಲಿ ಇರ್ಬೇಕಿತ್ತೋ ಅಲ್ಲೇ ಇದೆ."

ದೀಪದಣ್ಣ ಕುತ್ತಿಗೆ ಉದ್ದ ಮಾಡಿ ನೋಡಿದ. "ಏನ್ ಮೇಡಂ ಇದು, ಯಾರೋ ಎಂಜಲು ಬೆರಳಲ್ಲಿ ಒರೆಸಿದ ಹಾಗಿದೆ?"

ಸುಣ್ಣಣ್ಣ ಗೋಡೆ ಹಿಡಿದುಕೊಂಡ.

ಮೇಡಂ ನಕ್ಕರು. "ಹಾಗೇ ಇರ್ಬೇಕು ಇದು. ಕ್ಯಾಲ್ಸಿಯಂ ಪರಮಾಣುವಿನ ಹೊರಗಡೆ ಎರಡು ಎಲೆಕ್ಟ್ರಾನ್ ಇರುತ್ವೆ. ಒಂದೇ ಹಲಗೆಯ ಎರಡು ತುದಿಗೆ ಇಬ್ಬರು ಕೂತ ಹಾಗೆ ಅಂತ ಇಟ್ಕೊಳ್ಳಿ. ಬೆಳಕು ಬಂದು ಇಬ್ಬರನ್ನೂ ಒಟ್ಟಿಗೆ ಮೇಲೆತ್ತುತ್ತೆ. ಅಲ್ಲಿ ಜಾಸ್ತಿ ಹೊತ್ತು ಇರೋಕೆ ಆಗಲ್ಲ. ಒಬ್ಬ ದೊಪ್ಪಂತ ತನ್ನ ಜಾಗಕ್ಕೆ ಇಳಿದು ಕೂರ್ತಾನೆ. ಆ ಏಟಿಗೆ ಇನ್ನೊಬ್ಬ ಹಲಗೆಯಿಂದಾನೇ ಆಚೆ ಹಾರಿ ಬೀಳ್ತಾನೆ. ಎಷ್ಟು ಬೇಗ ಮುಗಿದುಹೋಗುತ್ತೋ ಗೆರೆ ಅಷ್ಟು ಅಗಲ, ಅಷ್ಟು ಮಸುಕು."

"ಪಾಪ, ಹಾರಿದೋನ ಗತಿ?" ಅಂದ ದೀಪದಣ್ಣ.

"ಅವನು ವಾಪಸ್ ಬರಲ್ಲ."

ಸುಣ್ಣಣ್ಣನಿಗೆ ಆ ಎಲೆಕ್ಟ್ರಾನಿನ ಮೇಲೆ ಒಡಹುಟ್ಟಿದವನ ಮಮತೆ ಹುಟ್ಟಿತು. ಕೇಳಿದ, "ಮೇಡಂ, ಅಕಸ್ಮಾತ್ ಇದು ಕೊಳೆ ಆಗಿದ್ರೆ?"

"ಒಳ್ಳೇ ಪ್ರಶ್ನೆ. ಅಧ್ಯಕ್ಷರೂ ಅದನ್ನೇ ಕೇಳ್ತಾರೆ. ಕುಲುಮೆ ಆರಿಸಿ, ಆವಿ ಇಲ್ಲದೆ ಇನ್ನೊಂದು ಪ್ಲೇಟು ತೆಗೆದ್ರೆ ಗೊತ್ತಾಗುತ್ತೆ. ಗೆರೆ ಮಾಯ ಆದ್ರೆ ಅದು ಕ್ಯಾಲ್ಸಿಯಂದು. ಆವಿ ಇಲ್ದಿದ್ರೂ ಗೆರೆ ಅಲ್ಲೇ ಕೂತಿದ್ರೆ ಕಿಟಕಿಯ ಕೊಳೆ."

ಅವರು ಫೋನು ಮಾಡಿದರು. ಅಧ್ಯಕ್ಷರು ಆ ತಣ್ಣನೆಯ ಪ್ಲೇಟನ್ನು ತಮ್ಮ ಕಣ್ಣೆದುರೇ ತೆಗೆಯಬೇಕು ಅಂದರು. ಹನ್ನೆರಡಕ್ಕೆ ಕುಲುಮೆ ಆರಿತು. ಅಧ್ಯಕ್ಷರನ್ನು ಕರೆತರಲು ಹೊರಟ ಮೇಡಂ ಬಾಗಿಲಲ್ಲಿ ತಿರುಗಿ ನಿಂತರು.

"ಸುಣ್ಣಣ್ಣ, ನಿಮ್ಮ ಮೇಲೆ ಬಿಟ್ಟು ಹೋಗ್ತಿದೀನಿ. ಯಾರೂ ಏನೂ ಮುಟ್ಟಬಾರ್ದು. ಎರಡು ಪ್ಲೇಟಿನ ನಡುವೆ ಬಿಸಿ ಒಂದೇ ಬದಲಾಗಬೇಕು."

ಅವರು ಹೋದ ಮೇಲೆ ದೀಪದಣ್ಣ ಊಟದ ಡಬ್ಬಿ ಬಿಚ್ಚಿ ಸಮಾಧಾನದ ಮಾತು ಶುರು ಮಾಡಿದ. ಅವನ ಸಮಾಧಾನ ಕೇಳಿ ಜ್ವರ ಬಂದವರಿದ್ದರು.

"ಹಿಂದೊಬ್ಬ ಇದ್ದ ಗೊತ್ತಾ, ಕೊಳವೆ ಒಳಗೆ ತಿರುಪು ಬಿಟ್ಟೋನು? ಈಗ ಬಸ್‌ ಸ್ಟ್ಯಾಂಡಲ್ಲಿ ಚೀಲ ಕಾಯ್ತಾನೆ. ಕೊಳೆ ಅಂತ ಏನಾದ್ರೂ ಆದ್ರೆ ಈ ಅಧ್ಯಕ್ಷ ಬಿಡೋ ಮನುಷ್ಯ ಅಲ್ಲ. ಕಿಟಕಿ ತೆಗೆಸ್ತಾನೆ, ಬೆರಳಚ್ಚು ನೋಡಿಸ್ತಾನೆ. ಆಮೇಲೆ ಒಬ್ಬೊಬ್ಬರದೇ ಕೈ ಹಿಡಿದು ನೋಡ್ತಾನೆ. ಯಾಕ್ರೀ, ಎಡಗೈಯಲ್ಲಿ ತಿಂತಿದೀರಿ?"

"ಬಲಗೈ ನೋವು."

"ಅಯ್ಯೋ, ಮೊಣಕಾಲು ನೋವಲ್ವಾ?"

"ಹಬ್ಬಿದೆ," ಅಂದ ಸುಣ್ಣಣ್ಣ.

*

ದೀಪದಣ್ಣ ಕೈ ತೊಳೆದು ಹರಟೆಗೆಂದು ಕೆಳಗೆ ಹೋದ. ಸುಣ್ಣಣ್ಣ ಒಬ್ಬನೇ ಉಳಿದ. ಗಡಿಯಾರದ ಮುಳ್ಳು ಅವನನ್ನು ನೋಡುತ್ತಲೇ ಚಲಿಸುವಂತಿತ್ತು.

ಲೆಕ್ಕ ಸ್ಪಷ್ಟವಾಗಿತ್ತು. ತಣ್ಣನೆಯ ಪ್ಲೇಟಿನಲ್ಲೂ ಮುಲಾಮು ಇದ್ದಲ್ಲೇ ಇರುತ್ತದೆ. ಗೆರೆ ಉಳಿಯುತ್ತದೆ. ಮೇಡಂ ಅವರ ನಾಲ್ಕು ವರ್ಷದ ಲೆಕ್ಕ ನೀರುಪಾಲಾಗುತ್ತದೆ, ಕೋಣೆಗೆ ಬೀಗ ಬೀಳುತ್ತದೆ, ಆಮೇಲೆ ಬೆರಳಚ್ಚು. ಹೆಬ್ಬೆರಳನ್ನು ನೋಡಿಕೊಂಡ. ಹಳೆಯ ಕುಲುಮೆ ಸುಟ್ಟ ಗಾಯದ ಗೆರೆಯೊಂದು ಅದರ ಮೇಲೆ ಅಡ್ಡಕ್ಕಿತ್ತು. ಇಡೀ ಕಟ್ಟಡದಲ್ಲಿ ಅಂಥ ಹೆಬ್ಬೆರಳು ಇನ್ನೊಂದಿರಲಿಲ್ಲ. ಸಹಿ ಮಾಡಿ ಕೊಟ್ಟ ಹಾಗಿತ್ತು.

ಒಂದೇ ದಾರಿ. ಆ ಕಿಟಕಿ ತೆಗೆದು, ಬೀರುವಿನಲ್ಲಿದ್ದ ಒಂದೇ ಒಂದು ಬದಲಿ ಕಿಟಕಿಯನ್ನು ಹಾಕಿಬಿಡುವುದು.

ಬೀರು ತೆರೆದ. ಬದಲಿ ಕಿಟಕಿಯ ಪೆಟ್ಟಿಗೆ ಎತ್ತಿದ. ಹಗುರವಾಗಿತ್ತು. ಮುಚ್ಚಳ ತೆಗೆದರೆ ಹತ್ತಿ ಮಾತ್ರ.

ಸುಣ್ಣಣ್ಣ ನೆಲದ ಮೇಲೇ ಕೂತುಬಿಟ್ಟ. ಬೀರುವಿನ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ, ಅವನದೊಂದು, ಮೇಡಂದೊಂದು. ಮೇಡಂ ಕದಿಯುವವರಲ್ಲ. ಹಾಗಾದರೆ ಕದ್ದವನು ತಾನೇ ಆಗಿರಬೇಕು! ಯಾವಾಗ, ಯಾಕೆ ಅನ್ನುವುದು ನೆನಪಾಗಲಿಲ್ಲ. ಆದರೂ ತನ್ನ ಮೇಲೆ ಅವನಿಗೆ ಬಲವಾದ ಅನುಮಾನ ಬಂತು. ಇನ್ನು ಬೆರಳಚ್ಚಿನ ಜೊತೆಗೆ ಕಳ್ಳತನ. ಪಂಪುಮನೆಯೂ ಸಿಗುವುದಿಲ್ಲ, ಬಸ್‌ ಸ್ಟ್ಯಾಂಡೇ ಗತಿ.

ಉಳಿದದ್ದು ಇದ್ದ ಕಿಟಕಿಯನ್ನೇ ತೊಳೆಯುವುದು. ಅಂದರೆ ಸ್ಟೋರಿನವನು.

"ಸ್ಪಿರಿಟ್ಟಾ?" ಸ್ಟೋರಿನವನು ಕನ್ನಡಕದ ಮೇಲಿಂದ ನೋಡಿದ. "ಮಟಮಟ ಮಧ್ಯಾಹ್ನ! ಎಷ್ಟು ದಿನದಿಂದ ಶುರುವಾಗಿದೆ ಇದು?"

"ಕುಡಿಯೋಕಲ್ಲ ರೀ. ಮೊಣಕಾಲಿಗೆ."

"ಅದೇ ಅಂದ್ಕೊಂಡೆ, ಮೆಟ್ಟಿಲಲ್ಲೇ ಮುಲಾಮಿನ ವಾಸನೆ ಬಂತು." ಸ್ಟೋರಿನವನ ಮುಖ ಅರಳಿತು. ಬೇರೆಯವರ ಕಾಯಿಲೆ ಅವನಿಗೆ ಪ್ರಿಯವಾದ ವಿಷಯ. "ನಮ್ಮ ಮಾವನಿಗೂ ಇದೇ. ಕೂತ್ಕೊಳ್ಳಿ. ಪ್ಯಾಂಟು ಮೇಲೆತ್ತಿ."

"ಬೇಡ, ನಾನೇ ಮೇಲೆ ಹೋಗಿ..."

"ಎತ್ತಿ ಅಂದ್ರೆ! ಸ್ಪಿರಿಟ್ ಹಚ್ಚೋಕೂ ಒಂದು ಕ್ರಮ ಇದೆ."

ಅಳತೆ ಲೋಟದ ತುಂಬ ಸ್ಪಿರಿಟ್ಟು ಸುಣ್ಣಣ್ಣನ ಕಣ್ಣೆದುರೇ ಅವನ ಮೊಣಕಾಲಿನ ಮೇಲೆ ಸುರಿದು ಕಾಲುಚೀಲದೊಳಗೆ ಇಳಿಯಿತು. ಸ್ಟೋರಿನವನು ಎರಡೂ ಕೈಯಲ್ಲಿ ಚಪಾತಿ ಹಿಟ್ಟಿನಂತೆ ನಾದಿದ. ಮಾವನ ಮೊಣಕಾಲಿನ ಕತೆ ಹೇಳಿದ. ಅತ್ತೆಯ ಸೊಂಟದ ಕತೆಗೆ ಬರುವ ಹೊತ್ತಿಗೆ ಗಂಟೆ ಒಂದೂಮುಕ್ಕಾಲು.

"ಹೇಗಿದೆ?"

"ಹಾಯಾಗಿದೆ. ಇನ್ನೊಂದು ಲೋಟ ಕೊಡಿ."

"ಯಾಕೆ?"

"ಇನ್ನೊಂದು ಮೊಣಕಾಲಿದೆಯಲ್ಲ!" ಸುಣ್ಣಣ್ಣನ ದನಿ ಅಳುವಿನ ಅಂಚಿಗೆ ಬಂದಿತ್ತು. ಪುಸ್ತಕದಲ್ಲಿ ಸ್ಟೋರಿನವನು ಬರೆದ: ಮೊಣಕಾಲು, ಎರಡು.

ಎರಡನೇ ಲೋಟ ಹಿಡಿದು ಮೇಲೆ ಬಂದು ಬಾಗಿಲಿಗೆ ಒಳಗಿಂದ ಚಿಲಕ ಹಾಕಿದ. ಕೊಳವೆಯ ಬಿಸಿ ತೋರಿಸುವ ಮುಳ್ಳು ಇನ್ನೂ ಮುನ್ನೂರು ಡಿಗ್ರಿಯ ಮೇಲಿತ್ತು. ಐವತ್ತಕ್ಕಿಳಿಯದೆ ತೆರೆಯಬಾರದು, ತೆರೆಯುವಾಗ ಗಾಳಿ ಒಳನುಗ್ಗದಂತೆ ಸಿಲಿಂಡರಿನಿಂದ ಆರ್ಗಾನ್ ಅನಿಲ ಬಿಟ್ಟುಕೊಂಡೇ ಇರಬೇಕು. ಇದು ಎರಡನೇ ಪಾಠ. ಹೊಸಬರಿಗೆ ಇದನ್ನು ಹೇಳಿಕೊಡುವವನು ಸುಣ್ಣಣ್ಣನೇ. ಗಂಟೆ ಎರಡಾಗಿತ್ತು. ಪಾಠ ಹೇಳಿಕೊಟ್ಟವನು, ತಣ್ಣೀರು ಹರಿದು ತಂಪಾಗಿದ್ದ ತುದಿಯ ತಿರುಪು ಬಿಚ್ಚಿದ. ಕೊಳವೆ ಒಮ್ಮೆ ಸುಯ್ ಅಂತ ಉಸಿರೆಳೆದುಕೊಂಡಿತು.

ಕಿಟಕಿಯನ್ನು ಬೆಳಕಿಗೆ ಹಿಡಿದ. ಎಲ್ಲೂ ಗುರುತಿಲ್ಲ, ತಿಳಿನೀರಿನಂತಿತ್ತು. ಮೂಸಿ ನೋಡಿದ. ತನ್ನ ಮೈಯೆಲ್ಲ ಮುಲಾಮು ಮತ್ತು ಸ್ಪಿರಿಟ್ಟು ನಾರುತ್ತಿದ್ದಾಗ ಕಿಟಕಿಯ ವಾಸನೆ ಹೇಗೆ ತಿಳಿಯಬೇಕು? ಕಾಣದ ಜಿಡ್ಡೇ ಅಪಾಯದ್ದು ಅಂದುಕೊಂಡ. ಒರೆಸಿದ. ಮತ್ತೆ ಒರೆಸಿದ. ಪಾಪ ತೊಳೆಯುವವನಂತೆ ಏಳು ಸಲ ಒರೆಸಿದ.

ಬಾಗಿಲು ಧಡಧಡ ಬಡಿಯಿತು. "ಸುಣ್ಣಣ್ಣ! ಯಾಕ್ರೀ ಚಿಲಕ ಹಾಕ್ಕೊಂಡಿದೀರಿ?" ದೀಪದಣ್ಣನ ದನಿ.

"ಪ್ಯಾಂಟು ಒಣಗಿಸ್ತಿದೀನಿ!"

"ಯಾಕೆ ಒದ್ದೆಯಾಯ್ತು?" ದನಿಯಲ್ಲಿ ಕನಿಕರವಿತ್ತು. "ಇರ್ಲಿ ಬಿಡಿ, ನಾನು ಯಾರಿಗೂ ಹೇಳಲ್ಲ. ಅಧ್ಯಕ್ಷ ಅಂದ್ರೆ ಎಂಥವರಿಗೂ ಹಾಗಾಗುತ್ತೆ."

ಸುಣ್ಣಣ್ಣ ಕಿಟಕಿ ಕೂರಿಸಿ, ತಿರುಪು ಬಿಗಿದು, ಪಂಪು ಹಾಕಿದ. ಒಳಗಿನ ಗಾಳಿಯೆಲ್ಲ ಹೋಗಿ ಮುಳ್ಳು ಕೆಳಗಿಳಿಯುವುದನ್ನು ನೋಡುತ್ತ ನಿಂತ. ಮೂರಕ್ಕೆ ಐದು ನಿಮಿಷ ಇದ್ದಾಗ ಮುಳ್ಳು ಇರಬೇಕಾದ ಜಾಗಕ್ಕೆ ಬಂತು. ಚಿಲಕ ತೆಗೆದ.

*

ಅಧ್ಯಕ್ಷರು ತೆಳ್ಳಗಿನ ಮುದುಕರು. ಗದರುವ ಮನುಷ್ಯನಾಗಿದ್ದರೆ ಸುಣ್ಣಣ್ಣನಿಗೆ ಧೈರ್ಯ ಬರುತ್ತಿತ್ತೋ ಏನೋ. ಇವರು ಮೆಲ್ಲಗೆ ಮಾತಾಡುತ್ತಿದ್ದರು, ಪ್ರತಿಯೊಂದಕ್ಕೂ ತಲೆಯಾಡಿಸುತ್ತಿದ್ದರು, ಯಾವುದನ್ನೂ ಮರೆಯುವವರಂತೆ ಕಾಣಲಿಲ್ಲ. ಕೋಣೆಗೆ ಬಂದವರೇ ಮೂಗರಳಿಸಿ, "ಇಲ್ಲಿ ಯಾರಿಗೋ ಮೈಕೈ ನೋವು," ಅಂದರು.

ಬೆಳಗಿನ ಪ್ಲೇಟನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ತಣ್ಣನೆಯ ಕೊಳವೆಯ ಮೂಲಕ ಬೆಳಕು ಹಾಯಿಸಿ ಎರಡನೇ ಪ್ಲೇಟು ತೆಗೆದದ್ದಾಯಿತು. ಮೇಡಂ ಕತ್ತಲೆ ಕೋಣೆಗೆ ಹೋದರು. ಸುಣ್ಣಣ್ಣ ಮನಸ್ಸಿನಲ್ಲೇ ನೂರರವರೆಗೆ ಎಣಿಸಿದ, ತಪ್ಪಿ ಮತ್ತೆ ಒಂದರಿಂದ ಎಣಿಸಿದ.

ಎರಡನೇ ಪ್ಲೇಟು ತುದಿಯಿಂದ ತುದಿಗೆ ಕಪ್ಪಾಗಿತ್ತು. ಹಳೆಯ ಗೆರೆಗಳೂ ಇಲ್ಲ, ಹೊಸದೂ ಇಲ್ಲ.

"ಮಾಯ!" ಎಂದು ದೀಪದಣ್ಣ ಚಪ್ಪಾಳೆ ತಟ್ಟಿದ.

"ಕ್ಯಾಲ್ಸಿಯಂದೇ," ಅಂದರು ಅಧ್ಯಕ್ಷರು. ಜೇಬಿನಿಂದ ಲೇಖನಿ ತೆಗೆದು ಮೂರು ವರ್ಷದ ಕಾಗದಕ್ಕೆ ಸಹಿ ಹಾಕಿದರು. "ನಾಳೆಯೇ ಬೇರೆ ಪ್ರಯೋಗಶಾಲೆಗಳಿಗೆ ತಿಳಿಸ್ತೀನಿ. ಅವರೂ ಹುಡುಕಿ ನೋಡ್ಲಿ. ಪುಸ್ತಕಗಳಲ್ಲಿ ಸೇರುತ್ತೆ ಇದು."

"ನನ್ನ ಹೆಸರಿನ ಜೊತೆ ಇವರದ್ದೂ ಹಾಕ್ತೀನಿ ಸರ್," ಎಂದು ಮೇಡಂ ಸುಣ್ಣಣ್ಣನ ಕಡೆ ಕೈ ತೋರಿಸಿದರು. "ಹತ್ತೊಂಬತ್ತು ವರ್ಷ ಈ ಕುಲುಮೆ ಕಾಯಿಸಿದವರು. ಇವರ ಕೈ ಇಲ್ಲದೆ ಈ ಗೆರೆ ಬರ್ತಿರ್ಲಿಲ್ಲ."

ಈವರೆಗಿನ ಹೆದರಿಕೆಯೆಲ್ಲ ಏನೂ ಅಲ್ಲ ಅನ್ನಿಸುವಂಥ ಹೆದರಿಕೆ ಆಗ ಹುಟ್ಟಿತು. ಗೆರೆ ಮಾಯವಾದದ್ದು ಆವಿ ಆರಿದ್ದಕ್ಕಲ್ಲ, ತಾನು ತೊಳೆದದ್ದಕ್ಕೆ ಎಂದು ಬಲ್ಲವನು ಭೂಮಿಯ ಮೇಲೆ ಅವನೊಬ್ಬನೇ. ನಾಳೆ ಎಲ್ಲೆಲ್ಲೋ ಇರುವವರು ಸ್ವಚ್ಛವಾದ ಕಿಟಕಿ ಹಾಕಿ ಹುಡುಕುತ್ತಾರೆ. ಯಾರಿಗೂ ಸಿಗುವುದಿಲ್ಲ. ಎಲ್ಲರೂ ಮೇಡಂ ಕಡೆ ತಿರುಗಿ ನೋಡುತ್ತಾರೆ. ಬೆಳಿಗ್ಗೆ ಒದ್ದೆ ಪ್ಲೇಟು ಹಿಡಿದು ಕಣ್ಣೊರೆಸಿಕೊಂಡ ಆ ಹೆಂಗಸು ಅವತ್ತು ಏನು ಹೇಳಬೇಕು? ಪಂಪುಮನೆಯ ಒದ್ದೆ ನೆಲ ಒಮ್ಮೆ ಕಣ್ಮುಂದೆ ಬಂತು. ಅದರ ಹಿಂದೆಯೇ ಮೇಡಂ ಮುಖವೂ ಬಂತು.

"ಅದು ನನ್ನ ಹೆಬ್ಬೆರಳು!" ಎಂದು ಕಿರುಚಿಬಿಟ್ಟ.

ಎಲ್ಲರೂ ಅವನ ಹೆಬ್ಬೆರಳನ್ನು ನೋಡಿದರು.

"ಆ ಗೆರೆ ಕ್ಯಾಲ್ಸಿಯಂದಲ್ಲ ಸರ್, ಮುಲಾಮಿಂದು. ಬೆಳಿಗ್ಗೆ ಕಿಟಕಿ ಕೂರಿಸುವಾಗ ಕೈಗವಸು ಹರೀತು, ಬರಿಬೆರಳಲ್ಲಿ ಮುಟ್ಟಿಬಿಟ್ಟೆ. ಹೆದರಿಕೊಂಡು ಹೇಳ್ಲಿಲ್ಲ. ತಣ್ಣನೆ ಪ್ಲೇಟಲ್ಲಿ ಸಿಕ್ಕಿಬೀಳ್ತೀನಿ ಅಂತ ಮಧ್ಯಾಹ್ನ ಕಿಟಕಿ ಬಿಚ್ಚಿ ತೊಳೆದೆ. ಅದಕ್ಕೇ ಗೆರೆ ಹೋಯ್ತು. ಮೇಡಂದೇನೂ ತಪ್ಪಿಲ್ಲ. ಬದಲಿ ಕಿಟಕಿ ಪೆಟ್ಟಿಗೇಲಿಲ್ಲ, ಅದನ್ನೂ ನಾನೇ ಕದ್ದಿರಬೇಕು."



ಮೇಡಂ ಮುಖ ಬಿಳುಪಾಗಿತ್ತು. ತಮ್ಮ ಮೇಜಿನ ಖಾನೆ ಎಳೆದು ಕಾಗದದ ಸಣ್ಣ ಪೊಟ್ಟಣ ತೆಗೆದು ಬಿಚ್ಚಿದರು. ಮುಲಾಮಿನ ವಾಸನೆ ಗುಪ್ಪೆಂದಿತು. ಒಳಗೆ ಹರಳಿನ ಕಿಟಕಿ. ಅದರ ನಟ್ಟನಡುವೆ ಒಂದು ದಪ್ಪ ಹೆಬ್ಬೆರಳಿನ ಗುರುತು, ಗುರುತಿನ ಅಡ್ಡಕ್ಕೆ ಗಾಯದ ಗೆರೆ.

"ಬೆಳಿಗ್ಗೆ ನೀವು ಸಿಲಿಂಡರ್ ತರೋಕೆ ಹೋಗಿದ್ರಲ್ಲ," ಅಂದರು ಮೇಡಂ, "ಆಗ್ಲೇ ನೋಡಿದೆ. ನಾನೇ ಇದನ್ನ ತೆಗೆದು ಬದಲಿ ಕಿಟಕಿ ಹಾಕಿದ್ದೆ. ಗೆರೆ ಬಂದದ್ದು ಹೊಸ ಕಿಟಕಿಯಲ್ಲಿ, ಸುಣ್ಣಣ್ಣ. ನಿಮ್ಮ ಬೆರಳು ಅದರ ಹತ್ತಿರಾನೂ ಹೋಗಿರ್ಲಿಲ್ಲ."

"ಮತ್ತೆ... ಮತ್ತೆ ನಂಗೆ ಯಾಕೆ ಹೇಳ್ಲಿಲ್ಲ ಮೇಡಂ?"

"ಹೇಳಿದ್ರೆ ಇಡೀ ದಿನ ಹೆದರ್ಕೊಂಡು ಸಾಯ್ತೀರಿ ಅಂತ."

ಸುಣ್ಣಣ್ಣನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಎದೆಯ ಮೇಲಿಂದ ಕುಲುಮೆಯನ್ನೇ ಇಳಿಸಿದಂತಾಯಿತು. "ಹಾಗಾದ್ರೆ ಗೆರೆ ನಿಜಾನೇ!" ಎಂದು ಅಧ್ಯಕ್ಷರ ಕೈಯನ್ನೇ ಹಿಡಿದುಕೊಂಡ. "ನಿಜ ಸರ್! ಕ್ಯಾಲ್ಸಿಯಂದೇ!"

ಅಧ್ಯಕ್ಷರು ಮೆಲ್ಲಗೆ ಕೈ ಬಿಡಿಸಿಕೊಂಡರು. ಬೆರಳುಗಳನ್ನು ಮೂಸಿಕೊಂಡು ಕರವಸ್ತ್ರಕ್ಕೆ ಒರೆಸಿದರು.

"ಇರಬಹುದು," ಅಂದರು. "ಎರಡು ಪ್ಲೇಟಿನ ನಡುವೆ ನೀವು ಕಿಟಕಿ ಬಿಚ್ಚಿ ತೊಳೆದದ್ದು ನಿಜ ತಾನೇ?"

"ಹೌದು, ಆದ್ರೆ ಅದು ಮೊದಲೇ ಸ್ವಚ್ಛ ಇತ್ತಲ್ಲ ಸರ್..."

"ಇತ್ತು ಅಂತ ಮೇಡಂ ಹೇಳ್ತಾರೆ. ನಾನು ನಂಬ್ತೀನಿ. ಬೇರೆಯವರು ಯಾಕೆ ನಂಬಬೇಕು? ಬಿಸಿ ಒಂದೇ ಬದಲಾಗಬೇಕಿತ್ತು. ಕಿಟಕಿಯೂ ಬದಲಾಯ್ತು. ನೋಡಿ, ಮುಟ್ಟಿದ್ದಕ್ಕೆ ಕ್ಷಮೆ ಇದೆ. ತೊಳೆದದ್ದಕ್ಕೆ ಇಲ್ಲ." ಅವರು ಕಾಗದವನ್ನು ಮೇಜಿನಿಂದ ಎತ್ತಿ, ತಮ್ಮ ಸಹಿಯ ಮೇಲೆ ನೇರವಾಗಿ ಒಂದು ಗೆರೆ ಎಳೆದರು. "ಬೇಸರ ಬೇಡ. ಈಗ ಕಿಟಕಿ ಸ್ವಚ್ಛ ಇದೆ ಅನ್ನೋದಂತೂ ಖಾತ್ರಿ. ಮತ್ತೆ ಕುಲುಮೆ ಹಚ್ಚಿ. ನನ್ನೆದುರು ಇನ್ನೊಂದು ಬಿಸಿ ಪ್ಲೇಟು ತೆಗೀರಿ. ಗೆರೆ ಬಂದ್ರೆ ಹೊಸ ಕಾಗದಕ್ಕೆ ಸಹಿ ಹಾಕ್ತೀನಿ. ಎರಡು ಗಂಟೆ ಕಾಯ್ತೀನಿ ಬೇಕಾದ್ರೆ."

ಮೇಡಂ ಸ್ವಿಚ್ಚಿನ ಕಡೆ ಓಡಿದರು. ಸುಣ್ಣಣ್ಣ ಅಲ್ಲಾಡಲಿಲ್ಲ. ಅವನ ಕಿವಿಯಲ್ಲಿ ಮಧ್ಯಾಹ್ನ ಕೊಳವೆ ಎಳೆದುಕೊಂಡ ಉಸಿರು ಕೇಳಿಸಿತು. ಮುನ್ನೂರರ ಬಿಸಿ. ಆರ್ಗಾನ್ ಬಿಡಲು ಮರೆತದ್ದು.

"ಮೇಡಂ," ಅಂದ, "ಒಂದ್ಸಲ ಒಳಗೆ ನೋಡಿ."

ಮೇಡಂ ಟಾರ್ಚು ತಂದು ಕಿಟಕಿಗೆ ಹಿಡಿದು ಬಾಗಿದರು. ಬೆಳ್ಳಿಯ ಹಾಗೆ ಹೊಳೆಯಬೇಕಿದ್ದ ತುಂಡುಗಳ ಜಾಗದಲ್ಲಿ ಬಿಳಿ ಪುಡಿ ಬಿದ್ದಿತ್ತು. ಬಿಸಿ ಲೋಹಕ್ಕೆ ಗಾಳಿ ಸೋಕಿ ಇದ್ದಬದ್ದ ಕ್ಯಾಲ್ಸಿಯಂ ಎಲ್ಲ ಸುಟ್ಟು ಕೂತಿತ್ತು.

ದೀಪದಣ್ಣನೂ ಇಣುಕಿ ನೋಡಿದ. "ಸುಣ್ಣ," ಅಂದ.

"ಇನ್ನೊಂದು ಡಬ್ಬಿ?" ಅಧ್ಯಕ್ಷರು ಕೇಳಿದರು.

"ಅದೇ ಕಡೇದು," ಅಂದರು ಮೇಡಂ. "ಹಡಗು ಬರೋಕೆ ನಾಲ್ಕು ತಿಂಗಳು."

ಅಧ್ಯಕ್ಷರು ತಲೆಯಾಡಿಸಿದರು. ಹಡಗು ಬರಲಿ, ಆಗ ಮತ್ತೆ ಬರುತ್ತೇನೆ, ಅಲ್ಲಿಯವರೆಗೆ ಬೀಗ ಅಂದರು. ಬಾಗಿಲು ದಾಟುವಾಗ ಸುಣ್ಣಣ್ಣನ ಭುಜ ತಟ್ಟಿ, "ನಿಜ ಹೇಳಿದ್ರಿ, ಒಳ್ಳೇದಾಯ್ತು," ಅಂದರು. ಯಾರಿಗೆ ಒಳ್ಳೇದಾಯ್ತು ಅನ್ನುವುದನ್ನು ಹೇಳಲಿಲ್ಲ.

ಸಂಜೆ ಐದಕ್ಕೆ ದೀಪದಣ್ಣ ತನ್ನ ಸಾಮಾನನ್ನು ಎಕ್ಸ್‌ರೇ ಕೋಣೆಗೆ ಒಯ್ದು, ಅಲ್ಲಿದ್ದ ಮೆತ್ತನೆಯ ಕುರ್ಚಿಯಲ್ಲಿ ದೊಪ್ಪನೆ ಕೂತ. ಮೇಡಂ ಏನೂ ಬೈಯಲಿಲ್ಲ. ಎರಡೂ ಪ್ಲೇಟುಗಳನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟು, ಬೀಗದ ಕೈ ತೆಗೆದುಕೊಳ್ಳಲು ಅಂಗೈ ಚಾಚಿದರು. ಸುಣ್ಣಣ್ಣ ಕೊಟ್ಟ. ಗೇಟಿನ ಪಕ್ಕದ ಪಂಪುಮನೆಯ ಬೀಗದ ಕೈಯನ್ನು ಸ್ಟೋರಿನವನಿಂದ ಪಡೆದು, ಪುಸ್ತಕದಲ್ಲಿ ಸಹಿ ಹಾಕಿದ. ಸಹಿ ಬಿದ್ದ ಸಾಲಿನ ಮೇಲೆಯೇ "ಮೊಣಕಾಲು, ಎರಡು" ಎಂದಿತ್ತು.

ಹೋದದ್ದು ಕ್ಯಾಲ್ಸಿಯಂನ ಕಡೆಯ ಡಬ್ಬಿ, ಎರಡು ಲೋಟ ಸ್ಪಿರಿಟ್ಟು, ನಾಲ್ಕು ತಿಂಗಳು, ಮೂರನೇ ಮಹಡಿಯ ಒಣ ನೆಲ. ಉಳಿದದ್ದು ನಿಜವಾದ ಒಂದು ಗೆರೆ, ಏಳು ಸಲ ತೊಳೆದ ಒಂದು ಕಿಟಕಿ, ಅರ್ಧ ಡಬ್ಬಿ ಮುಲಾಮು.